ಕನಕಗಿರಿಯ ಮದ್ದು, ಬಿಳಿಗಿರಿಯ ಬೇರು

ನಾಟಿವೈದ್ಯದ ಮಾತು ಬಂದರೆ ನಮ್ಮ ಜನ ಮೊದಲು ಕೇಳುವುದು ‘ಯಾವ ಸೊಪ್ಪು?’ ಎಂದು. ಸೊಪ್ಪಿನ ಹೆಸರು ಗೊತ್ತಾಯಿತೆಂದರೆ ವೈದ್ಯವೇ ಕೈಗೆ ಬಂತೆಂದು ಹಿಗ್ಗುತ್ತಾರೆ. ಆ ಸೊಪ್ಪನ್ನು ಯಾರಿಗೆ ಕೊಟ್ಟರು, ಯಾವಾಗ ಕೊಟ್ಟರು, ಏನನ್ನು ನೋಡಿ ಕೊಟ್ಟರು ಎಂದು ವಿಚಾರಿಸುವವರು ವಿರಳ. ಬೇಳೆ, ಹುಣಿಸೇಹಣ್ಣು, ಮೆಣಸಿನಕಾಯಿಗಳ ಪಟ್ಟಿ ಸಿಕ್ಕಿದ ಮಾತ್ರಕ್ಕೆ ಸಾರು ಆಗುವುದಿಲ್ಲವೆಂಬುದು ಎಲ್ಲ ಗೃಹಿಣಿಯರಿಗೂ ತಿಳಿದ ಸಂಗತಿ. ವೈದ್ಯದ ವಿಷಯದಲ್ಲಿ ಮಾತ್ರ ನಾವು ಪಟ್ಟಿಯನ್ನೇ ಸಾರೆಂದು ನಂಬಿದ್ದೇವೆ. ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಿನ ಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ಆಗಾಗ ಓಡಾಡಿ, ಅಲ್ಲಿಯ ವೈದ್ಯರ ಜಗುಲಿಯ ಮೇಲೆ ಕುಳಿತು ನೋಡಿದವನಾದ ನನಗೆ ತೋರುವುದಿಷ್ಟು: ಈ ವಿದ್ಯೆಯ ತಿರುಳಿರುವುದು ಗಿಡದಲ್ಲಿ ಅಲ್ಲ, ಗಿಡ ಕೀಳುವುದಕ್ಕೆ ಮೊದಲು ವೈದ್ಯನು ಕೇಳುವ ಪ್ರಶ್ನೆಯಲ್ಲಿ. ಗಿಡಗಳ ಪಟ್ಟಿ ಬೇಕಾದಷ್ಟು ಆಗಿದೆ. ಪ್ರಶ್ನೆಗಳನ್ನು ಬರೆದಿಟ್ಟವರು ಕಡಮೆ.

ಈ ಸೀಮೆಯನ್ನೇ ಏಕೆ ಆರಿಸಿಕೊಂಡೆನೆಂದರೆ, ವೈದ್ಯದ ಎರಡು ಹೊಳೆಗಳು ಇಲ್ಲಿ ಹತ್ತಿರ ಹತ್ತಿರ ಹರಿದಿವೆ. ಮೈಸೂರಿನಿಂದ ನಂಜನಗೂಡು ದಾಟಿ ತೆಂಕಣಕ್ಕೆ ಹೋದರೆ ಎಡಗಡೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ, ಎದುರಿಗೆ ಹಿಮವದ್ಗೋಪಾಲಸ್ವಾಮಿ ಬೆಟ್ಟ ಮತ್ತು ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆದು ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ನಡುವಣ ಬಯಲಿನಲ್ಲಿ ಹಳೆಯ ಅರಿಕುಠಾರ. ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗಾಗಿ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅದೇ ಒಂದು ಜಿಲ್ಲೆಯಾದದ್ದು 1997ರಲ್ಲಿ.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿ ಕನಕಗಿರಿ ಎಂಬ ಬೆಟ್ಟವಿದೆ. ಮೇಲೆ ಪಾರ್ಶ್ವನಾಥನ ಬಸದಿ. ಜೈನರಿಗೆ ಇದು ಪುಣ್ಯಸ್ಥಳ; ಆಚಾರ್ಯ ಪೂಜ್ಯಪಾದನು ಇಲ್ಲಿ ತಪಸ್ಸು ಮಾಡಿದನೆಂದು ಪ್ರತೀತಿ. ಪೂಜ್ಯಪಾದನೆಂದರೆ ‘ಜೈನೇಂದ್ರ’ ವ್ಯಾಕರಣವನ್ನೂ ‘ಸರ್ವಾರ್ಥಸಿದ್ಧಿ’ಯನ್ನೂ ಬರೆದ ಮಹಾಪಂಡಿತ. ವೈದ್ಯಶಾಸ್ತ್ರದಲ್ಲಿಯೂ ಅವನದು ದೊಡ್ಡ ಹೆಸರು. ಅವನ ವೈದ್ಯಗ್ರಂಥ ನಮಗೆ ದೊರೆತಿಲ್ಲ. ಆದರೆ 9ನೆಯ ಶತಮಾನದ ಉಗ್ರಾದಿತ್ಯನು ಶಾಲಾಕ್ಯವನ್ನು, ಎಂದರೆ ಕಣ್ಣು ಕಿವಿ ಮೂಗುಗಳ ಚಿಕಿತ್ಸೆಯನ್ನು, ಹೇಳಿದವನು ಪೂಜ್ಯಪಾದನೆಂದು ಸ್ಮರಿಸುತ್ತಾನೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಅವನ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಕನಕಗಿರಿಯವನೇ ಆದ ದೇವಚಂದ್ರನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ರಾಜಾವಳೀಕಥೆ’ಯಲ್ಲಿ ಪೂಜ್ಯಪಾದನ ವೃತ್ತಾಂತವನ್ನೂ, ಅವನ ಸೋದರಳಿಯ ನಾಗಾರ್ಜುನನು ಸಿದ್ಧರಸದಿಂದ ಚಿನ್ನ ಮಾಡಹೊರಟ ಕಥೆಯನ್ನೂ ಸೇರಿಸಿದ್ದಾನೆ. ಚಿನ್ನದ ಕಥೆಯನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಅದನ್ನು ಬಿಟ್ಟರೂ ಉಳಿಯುವುದು ಸಣ್ಣದೇನಲ್ಲ: ಸಂಸ್ಕೃತದಲ್ಲಿದ್ದ ವೈದ್ಯವನ್ನು ಎಂಟು ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಹೇಳಬೇಕೆಂದು ಹೊರಟವರ ಸಂಪ್ರದಾಯವೊಂದು ಈ ಬೆಟ್ಟವನ್ನು ತನ್ನ ಮೂಲಪುರುಷನ ನೆಲೆಯೆಂದು ಭಾವಿಸಿದೆ.

ಈ ಜೈನ ವೈದ್ಯಕ್ಕೆ ಒಂದು ಕಟ್ಟುನಿಟ್ಟು ಉಂಟು. ಮದ್ಯ, ಮಾಂಸ, ಮಧು ಮೂರೂ ವರ್ಜ್ಯ. ಜೇನಿಲ್ಲದೆ ಅನುಪಾನ ಹೇಗೆಂದು ಬೇರೆ ವೈದ್ಯರು ಬೆರಗಾದರೂ, ಬೆಲ್ಲ, ಸಕ್ಕರೆ, ಹಾಲು, ತುಪ್ಪಗಳಲ್ಲಿ ಕೆಲಸ ಸಾಗಿಸಬಹುದಷ್ಟೆ. ಇತ್ತ ಬಿಳಿಗಿರಿಯ ಸೋಲಿಗರಿಗೆ ಜೇನು ಆಹಾರವೂ ಹೌದು, ಔಷಧವೂ ಹೌದು. ಹೆಜ್ಜೇನು ಇಳಿಸುವುದೇ ಅವರ ಒಂದು ದೊಡ್ಡ ವಿದ್ಯೆ. ಒಂದೇ ಸೀಮೆಯಲ್ಲಿ, ಒಂದು ಬೆಟ್ಟದ ವೈದ್ಯ ಜೇನನ್ನು ಮುಟ್ಟದು, ಇನ್ನೊಂದು ಬೆಟ್ಟದ ವೈದ್ಯ ಜೇನಿಲ್ಲದೆ ಏಳದು. ಮದ್ದಿನ ಪಟ್ಟಿಯನ್ನೇ ವೈದ್ಯವೆಂದು ತಿಳಿದವರಿಗೆ ಇವೆರಡೂ ಪರಸ್ಪರ ಶತ್ರುಗಳಂತೆ ಕಾಣಬೇಕು. ರೋಗಿಯನ್ನು ನೋಡುವ ಬಗೆಯನ್ನು ಗಮನಿಸಿದರೆ ಎರಡೂ ದಾಯಾದಿಗಳಂತೆ ಕಾಣುತ್ತವೆ.

ಚರಕನು ಈ ವಿಷಯವನ್ನು ಚೆನ್ನಾಗಿ ಅರಿತಿದ್ದನು. ಕಾಡಿನಲ್ಲಿ ಆಡು, ಕುರಿ, ದನ ಕಾಯುವವರಿಗೂ ವನವಾಸಿಗಳಿಗೂ ಮೂಲಿಕೆಗಳ ಹೆಸರು, ರೂಪ ಗೊತ್ತಿರುತ್ತದೆ. ಆದರೆ ಹೆಸರು, ರೂಪ ತಿಳಿದ ಮಾತ್ರಕ್ಕೆ ಔಷಧ ತಿಳಿದಂತಲ್ಲ, ಅದನ್ನು ದೇಶ, ಕಾಲ, ಪುರುಷನಿಗೆ ತಕ್ಕಂತೆ ಕೂಡಿಸಬಲ್ಲವನೇ ವೈದ್ಯ ಎಂಬುದು ಅವನ ಅಭಿಪ್ರಾಯ. ವನವಾಸಿಗಳಿಗೆ ಅವನು ಅರ್ಧ ನ್ಯಾಯವನ್ನು ಮಾತ್ರ ಸಲ್ಲಿಸಿದನೆಂದು ನನಗೆ ಅನ್ನಿಸುತ್ತದೆ. ಬಿಳಿಗಿರಿಯ ಪೋಡೊಂದರಲ್ಲಿ ಒಮ್ಮೆ ಬೇಲಿಯ ಮೇಲೆ ಹಬ್ಬಿದ್ದ ಬಳ್ಳಿಯನ್ನು ತೋರಿಸಿ, ಇದು ಯಾವುದಕ್ಕೆ ಮದ್ದು ಎಂದು ಅಲ್ಲಿಯ ಹಿರಿಯರನ್ನು ಕೇಳಿದೆ. ಅವರು ಬಳ್ಳಿಯ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿ, “ಯಾರ್ಗೆ ಹುಷಾರಿಲ್ಲ?” ಎಂದರು. ದೇಶ, ಕಾಲ, ಪುರುಷ ಎಂಬ ಮಾತು ಆಡದಿದ್ದರೂ ಅವರು ಕೇಳಿದ್ದು ಅದನ್ನೇ.

ವೈದ್ಯನು ರೋಗವನ್ನು ಹಿಡಿಯುವ ಉಪಾಯಗಳನ್ನು ಶಾಸ್ತ್ರಕಾರರು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರಾಗಿ ಹೇಳಿದ್ದಾರೆ. ನೋಡುವುದು, ಮುಟ್ಟುವುದು, ಕೇಳುವುದು. ಪಟ್ಟಣದಲ್ಲಿರುವ ನಮಗೆ ಪಂಡಿತರೆಂದರೆ ನಾಡಿ. ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಹದಿನೈದು ವರ್ಷದ ಹಿಂದೆ ತಿಂದ ಹಲಸಿನ ಹಣ್ಣನ್ನು ಹೇಳಿಬಿಡುವ ಮಹಾನುಭಾವರ ಕಥೆ ಯಾವ ಮನೆಯಲ್ಲಿಲ್ಲ? ವಾಸ್ತವವಾಗಿ ಚರಕ, ಸುಶ್ರುತರಲ್ಲಿ ನಾಡಿಪರೀಕ್ಷೆಯ ಪ್ರಸ್ತಾಪವೇ ಇಲ್ಲ. ಅದು ಗ್ರಂಥಸ್ಥವಾಗಿ ಕಾಣುವುದು ಬಹಳ ಈಚೆಗೆ, ಶಾರ್ಙ್ಗಧರ ಸಂಹಿತೆಯಲ್ಲಿ. ನಾಡಿ, ಮೂತ್ರ, ಮಲ, ನಾಲಗೆ, ಶಬ್ದ, ಸ್ಪರ್ಶ, ಕಣ್ಣು, ಆಕೃತಿ ಎಂಬ ಎಂಟು ಬಗೆಯ ಪರೀಕ್ಷೆ ರೂಢಿಗೆ ಬಂದದ್ದು ಇನ್ನೂ ಆಮೇಲೆ. ನಾನು ಕಂಡ ಹಳ್ಳಿಯ ವೈದ್ಯರಲ್ಲಿ ನಾಡಿ ಹಿಡಿಯುವುದು ಎಲ್ಲ ಮುಗಿದ ಮೇಲೆ. ರೋಗಿಗೆ ಸಮಾಧಾನವಾಗಲಿ ಎಂದು.

ತೆರಕಣಾಂಬಿಯಿಂದ ಸ್ವಲ್ಪ ದೂರದ ಊರಿನಲ್ಲಿ ಕಾಮಾಲೆಗೆ ಮದ್ದು ಕೊಡುವ ವೃದ್ಧರೊಬ್ಬರಿದ್ದಾರೆ. ಅವರ ಜಗುಲಿಗೆ ಹೆಂಗಸೊಬ್ಬಳು ಹತ್ತು ವರ್ಷದ ಮಗನನ್ನು ಕರೆತಂದಳು. ಹುಡುಗ ಬೀದಿಯಿಂದ ಕಾಲೆಳೆದುಕೊಂಡು ಬಂದುದನ್ನು ಅವರು ನೋಡುತ್ತಲೇ ಇದ್ದರು.

“ಯಾವತ್ನಿಂದವ್ವ?”

“ನಾಕ್ ದಿನ ಆಯ್ತು ಬುದ್ಧಿ. ಕೂಳೇ ಮುಟ್ನಿಲ್ಲ.”

“ಬ್ಯಾಡ ಅಂತನೋ, ತಿಂದು ಕಕ್ಕತನೋ?”

“ಬ್ಯಾಡ ಅಂತನೆ. ಒಗ್ಗರಣೆ ವಾಸ್ನೆ ಬಂದ್ರೆ ಸಾಕು, ಎದ್ದು ಆಚ್ಗೆ ಹೋಯ್ತನೆ.”

“ನಿಮ್ ಬೀದೀಲಿ ಇನ್ಯಾರ್ಗಾರ ಹಿಂಗಾಗದಾ?”

“ಪಕ್ಕದ್ ಮನೆ ಹೈದ್ನುಗೂ ಹಿಂಗೇ ಆಗಿತ್ತು ಬುದ್ಧಿ.”

ಆಮೇಲೆ ಹುಡುಗನನ್ನು ಬಿಸಿಲಿಗೆ ನಿಲ್ಲಿಸಿ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹಳದಿ ಇನ್ನೂ ಸರಿಯಾಗಿ ಮೂಡಿರಲಿಲ್ಲ. ನನ್ನ ಕಣ್ಣಿಗಂತೂ ಕಾಣಲಿಲ್ಲ. ಮನೆಗೆ ಹೋಗಿ ಹುಡುಗನ ಮೂತ್ರದಲ್ಲಿ ನಾಲ್ಕು ಅಗುಳು ಅನ್ನ ಹಾಕಿ, ಬಣ್ಣ ಹತ್ತುತ್ತದೆಯೋ ನೋಡೆಂದು ತಾಯಿಗೆ ಹೇಳಿದರು. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕೊಡಬೇಕು, ಎಣ್ಣೆ ಜಿಡ್ಡು ಕೂಡದು, ಕಾಯಿಸಿ ಆರಿಸಿದ ನೀರು, ಹುಡುಗ ಮನೆಬಿಟ್ಟು ಕದಲಬಾರದು. ಇಷ್ಟೇ ಚಿಕಿತ್ಸೆ. ಹಸಿವು ಸತ್ತಿರುವುದು, ಒಗ್ಗರಣೆಯ ವಾಸನೆ ಸೇರದಿರುವುದು, ನೆರೆಮನೆಯಲ್ಲಿಯೂ ಅದೇ ಕಾಯಿಲೆ: ನೀರಿನಿಂದ ಹರಡುವ ಕಾಮಾಲೆಯನ್ನು ಹಳದಿ ಕಾಣಿಸಿಕೊಳ್ಳುವ ಮೊದಲೇ ಅನುಮಾನಿಸುವುದಕ್ಕೆ ಡಾಕ್ಟರುಗಳು ಕೇಳುವುದೂ ಈ ಮೂರನ್ನೇ.

ಅದೇ ದಿನ ಮಧ್ಯಾಹ್ನ ವಯಸ್ಸಾದವರೊಬ್ಬರು ಬಂದರು. ಮೈ, ಕಣ್ಣು ಅರಿಸಿನದಂತೆ. ಈ ರೋಗವನ್ನು ಕುರುಡನೂ ಹೇಳಬಹುದಾಗಿತ್ತು. ನೋವಿಲ್ಲ, ಜ್ವರವಿಲ್ಲ. ಕೈಯೆಲ್ಲ ಕೆರೆದುಕೊಂಡ ಗೀರುಗಳು. ವೈದ್ಯರು ಆ ಗೀರುಗಳನ್ನೇ ದಿಟ್ಟಿಸಿ, “ಬೆಳಿಗ್ಗೆ ಹೊರ್ಗಡೆ ಹೋದ್ರೆ ಯಾವ ಬಣ್ಣ ಬತ್ತದಣ್ಣ?” ಎಂದರು. “ಬೂದಿ ಇದ್ದಂಗೆ” ಎಂಬ ಉತ್ತರ ಬಂತು. ವೈದ್ಯರು ನೆಲನೆಲ್ಲಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. “ಇದು ನನ್ ಕೈಲಿ ಆಗದಲ್ಲ ಕನಣ್ಣ. ಒಳ್ಗೆ ದಾರಿ ಕಟ್ಕಂಡದೆ. ನಾಳೆ ಅನ್ಬ್ಯಾಡ, ಇವತ್ತೇ ಮೈಸೂರ್‌ಗೆ ಹೋಗು.” ಪಿತ್ತದ ದಾರಿ ಕಟ್ಟಿದರೆ ಮಲ ಬಿಳುಪಾಗುವುದೂ ಮೈ ತುರಿಸುವುದೂ ವೈದ್ಯಕೀಯ ವಿದ್ಯಾರ್ಥಿಗಳ ಪಾಠ. ಅದಕ್ಕೆ ಸೊಪ್ಪು ಸಾಲದು, ಶಸ್ತ್ರ ಬೇಕು. ಒಂದೇ ಹಳದಿ, ಒಂದೇ ಜಗುಲಿ. ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಬಸ್ಸಿನ ದಾರಿ. ಸಾಧ್ಯ, ಅಸಾಧ್ಯಗಳನ್ನು ಮೊದಲು ವಿಂಗಡಿಸಿಕೊಂಡು ಅನಂತರ ಚಿಕಿತ್ಸೆಗೆ ಕೈಹಾಕಬೇಕೆಂದು ಪ್ರಾಚೀನರು ವಿಧಿಸಿದ್ದರ ಮಹತ್ವ ನನಗೆ ಅಂದು ಮನದಟ್ಟಾಯಿತು.

ನೆಲನೆಲ್ಲಿಯ ಮಟ್ಟಿಗೆ ಒಂದು ಮಾತು ಹೇಳಬೇಕು. 1988ರಲ್ಲಿ ಮದರಾಸಿನ ವೈದ್ಯವಿಜ್ಞಾನಿಗಳು, ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದ ಬ್ಲೂಂಬರ್ಗ್ ಅವರೊಡನೆ ಸೇರಿ, ‘ಲಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಆ ವೈರಸ್ಸನ್ನು ಮೈಯಲ್ಲಿ ಹೊತ್ತ 37 ಮಂದಿ ನೆಲನೆಲ್ಲಿ ಸೇವಿಸಿದ್ದರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಬರಿಯ ಹುಸಿಮದ್ದು ಕುಡಿದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಲೋಕವೆಲ್ಲ ಗಿಡದ ಕಡೆ ತಿರುಗಿತು. ಆದರೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಮರಳಿ ಬರಲಿಲ್ಲ. ನೀರಿನಿಂದ ಬರುವ ಕಾಮಾಲೆಯಂತೂ ಬಹುಮಟ್ಟಿಗೆ ಪಥ್ಯ, ವಿಶ್ರಾಂತಿಗಳಿಂದ ತಾನೇ ಇಳಿಯುತ್ತದೆ. ಆದ್ದರಿಂದ ಹುಡುಗ ಗುಣವಾದದ್ದು ಸೊಪ್ಪಿನಿಂದಲೇ ಎಂದು ಪ್ರಮಾಣ ಮಾಡುವ ಧೈರ್ಯ ನನಗಿಲ್ಲ. ವೃದ್ಧನನ್ನು ಆ ದಿನವೇ ಮೈಸೂರಿಗೆ ಕಳಿಸಿದ್ದರ ಗುಣವನ್ನು ಮಾತ್ರ ಯಾವ ಪ್ರಯೋಗವೂ ಅಲ್ಲಗಳೆಯಲಾರದು. ಇದಕ್ಕೆ ವಿರುದ್ಧವಾದ ಆಟವೂ ನಮ್ಮ ಊರುಗಳಲ್ಲಿ ಉಂಟು. ಸುಣ್ಣದ ನೀರಿನಲ್ಲಿ ರೋಗಿಯ ಕೈ ತೊಳೆಸಿ, ನೀರು ಹಳದಿಯಾಗುವುದನ್ನು ತೋರಿಸಿ ಕಾಮಾಲೆ ಇಳಿಯಿತೆನ್ನುವರು. ಕೈಗೆ ಮೊದಲೇ ಸವರಿದ ಮಾವಿನ ತೊಗಟೆಯ ರಸ ಸುಣ್ಣದೊಡನೆ ಸೇರಿ ಹಳದಿಯಾಗುತ್ತದೆ, ಅಷ್ಟೆ. ಅಲ್ಲಿ ಪ್ರಶ್ನೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ದಾರಿ ಕಟ್ಟಿಕೊಂಡವನೂ ಕೈತೊಳೆದು ಮನೆಗೆ ಹೋಗುತ್ತಾನೆ.

ಕಾಡಿನಂಚಿನ ಈ ಊರುಗಳಿಗೆ ಹಿಂದೆ ಹೆಸರು ಕೊಟ್ಟಿದ್ದು ಚಳಿಜ್ವರ. ಜ್ವರದ ರೋಗಿಯನ್ನು ಹಳಬರು ಮೊದಲು ಕೇಳುತ್ತಿದ್ದುದು ‘ದಿನಾ ಬರುತ್ತದೋ, ದಿನ ಬಿಟ್ಟು ದಿನವೋ, ಎರಡು ದಿನ ಬಿಟ್ಟೋ?’ ಎಂದು. ಶಾಸ್ತ್ರದಲ್ಲಿ ಇವಕ್ಕೆ ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಹೆಸರು. 48 ಗಂಟೆಗೊಮ್ಮೆ ಏರುವ ಮಲೇರಿಯವೂ 72 ಗಂಟೆಗೊಮ್ಮೆ ಏರುವುದೂ ಬೇರೆ ಬೇರೆ ಜೀವಿಗಳಿಂದ ಬರುವಂಥವೆಂದು ಯೂರೋಪಿನವರು ಸೂಕ್ಷ್ಮದರ್ಶಕದಲ್ಲಿ ಕಂಡದ್ದು 19ನೆಯ ಶತಮಾನದ ಕೊನೆಯಲ್ಲಿ. ಇನ್ನೊಂದು ಸ್ವಾರಸ್ಯ: ಸೊಳ್ಳೆಯೇ ಮಲೇರಿಯ ಹರಡುವುದೆಂದು ತೋರಿಸಿ 1902ರಲ್ಲಿ ನೊಬೆಲ್ ಬಹುಮಾನ ಪಡೆದ ರೊನಾಲ್ಡ್ ರಾಸ್, 1897ರ ಬೇಸಗೆಯಲ್ಲಿ ಊಟಿಗೆ ರಜೆಯ ಮೇಲೆ ಬಂದಿದ್ದಾಗ ಕೆಳಗಿನ ಸೀಗೂರು ಘಟ್ಟದ ಜ್ವರವನ್ನು ಪರೀಕ್ಷಿಸಲು ಇಳಿದು, ತಾನೇ ಜ್ವರ ಹತ್ತಿಸಿಕೊಂಡನು. ಬಂಡೀಪುರ, ಮುದುಮಲೈಗಳ ಕಾಡು ದಾಟಿದರೆ ಸಿಕ್ಕುವುದೇ ಆ ಸೀಗೂರು. ಆ ವರ್ಷವೇ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಅವನಿಗೆ ಸೊಳ್ಳೆಯ ಹೊಟ್ಟೆಯೊಳಗಿನ ಗುಟ್ಟು ಸಿಕ್ಕಿತು. ನಮ್ಮ ವೈದ್ಯರು ಜ್ವರದ ಲೆಕ್ಕವನ್ನು ಸರಿಯಾಗಿ ಹಿಡಿದಿದ್ದರು, ಸೊಳ್ಳೆಯನ್ನು ಹಿಡಿಯಲಿಲ್ಲ. ಲೆಕ್ಕಕ್ಕೆ ಸಿಗದೆ ಮಿದುಳಿಗೆ ಏರಿ ಕೊಲ್ಲುವ ಮಲೇರಿಯದೆದುರು ನೆಲಬೇವಿನ ಕಷಾಯ ನಿಲ್ಲುವಂತಿರಲಿಲ್ಲ. 1953ರಲ್ಲಿ ದೇಶಾದ್ಯಂತ ಮಲೇರಿಯ ನಿಯಂತ್ರಣ ಆರಂಭವಾಗಿ, ಮನೆಮನೆಗೂ ಡಿ.ಡಿ.ಟಿ. ಹೊಡೆದ ಮೇಲೆ ಜ್ವರ ಇಳಿಯಿತು. ಅದರೊಂದಿಗೆ ಆ ಪ್ರಶ್ನೆಯೂ ಹಳ್ಳಿಗಳಿಂದ ಇಳಿದುಹೋಯಿತು.

ಹಾವಿನ ವಿಷಯ ಇದಕ್ಕಿಂತ ಗಂಭೀರ. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂದು ವಿಷವೈದ್ಯವನ್ನೇ ಕನ್ನಡದಲ್ಲಿ ಕಾವ್ಯವಾಗಿ ಬರೆದನು. ಸ್ಥಾವರ ವಿಷದ ಚಿಕಿತ್ಸೆಯನ್ನು ಪೂಜ್ಯಪಾದನಿಂದ ತೆಗೆದುಕೊಂಡೆನೆಂದು ಅವನು ಹೇಳಿಕೊಳ್ಳುವುದರಿಂದ ಕನಕಗಿರಿಯ ಹೆಸರು ಅಲ್ಲಿಗೂ ಮುಟ್ಟುತ್ತದೆ. ಹಳ್ಳಿಗಳಲ್ಲಿ ಹಾವು ಕಚ್ಚಿದವನ ಬಾಯಿಗೆ ಬೇವಿನ ಸೊಪ್ಪನ್ನೋ ಮೆಣಸನ್ನೋ ಕೊಟ್ಟು ಅಗಿಸುವ ಪರೀಕ್ಷೆ ಇದೆ. ಕಹಿ ಗೊತ್ತಾದರೆ ವಿಷ ಏರಿಲ್ಲ, ಗೊತ್ತಾಗದಿದ್ದರೆ ಏರಿದೆ. ರೋಗಿಯನ್ನು ಮುಟ್ಟುವ ಮೊದಲು ಪರೀಕ್ಷಿಸಬೇಕೆಂಬ ಆಸ್ಥೆ ಮೆಚ್ಚತಕ್ಕದ್ದೇ. ಆದರೆ ಈ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ. ಕೊಳಕುಮಂಡಲದ ವಿಷ ಕೆಡಿಸುವುದು ರಕ್ತವನ್ನು; ನಾಲಗೆಗೆ ಕಹಿ ಚೆನ್ನಾಗಿಯೇ ತಿಳಿಯುತ್ತಿರುವಾಗ ಒಳಗೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡಿರುತ್ತದೆ. ವಿಷವಿಲ್ಲದ ಹಾವುಗಳೇ ಹೆಚ್ಚು. ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಇಳಿದಿರುವುದಿಲ್ಲ. ಆಗ ಬದುಕಿದವರೆಲ್ಲ ಈಶ್ವರೀಬೇರಿನ ಕೀರ್ತಿಗೆ ಸೇರುತ್ತಾರೆ. ಆ ಬೇರಿನ ಜಾತಿಯ ಗಿಡಗಳಲ್ಲಿರುವ ಆಮ್ಲವೊಂದು ಮೂತ್ರಪಿಂಡಗಳನ್ನು ಹಾಳುಮಾಡುವುದೆಂದು 1990ರ ದಶಕದಲ್ಲಿ ಬೆಲ್ಜಿಯಮ್ಮಿನಲ್ಲಿ ಬಯಲಾಯಿತು. ಅದು ಕ್ಯಾನ್ಸರಿಗೂ ಕಾರಣ. ಹಾವು ಕಚ್ಚಿದವನಿಗೆ ಇಂದು ದಾರಿ ಒಂದೇ, ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಗೊತ್ತುಮಾಡಿತು. ಪರೀಕ್ಷೆ ಇದ್ದರೆ ಸಾಲದು, ಅದು ಎಷ್ಟು ಸಲ ತಪ್ಪಿತೆಂದು ಎಣಿಸುವ ಪರಿಪಾಟಿಯೂ ಬೇಕು. ಅದು ನಮ್ಮ ಹಳಬರಲ್ಲಿ ಇರಲಿಲ್ಲ.

ಇರದಿದ್ದುದಕ್ಕೆ ಒಂದು ಕಾರಣ ಗುಟ್ಟು. ಮದ್ದನ್ನು ಹೇಳಿದರೆ ಅದು ನಾಟುವುದಿಲ್ಲವೆಂಬ ನಂಬಿಕೆ ಬಲವಾಗಿದೆ. ಬೆಳಗಿನ ಜಾವ ಯಾರಿಗೂ ಕಾಣದಂತೆ ಕಿತ್ತು, ಗುರುತು ಸಿಗದಂತೆ ಅರೆದು ಕೊಡುತ್ತಾರೆ. ಗುಟ್ಟಾಗಿದ್ದುದು ಸೋಲನ್ನು ಎಣಿಸಲಾರದು. ಸತ್ತವನ ಮನೆಯವರು ಮರಳಿ ಬಂದು ಹೇಳುವುದಿಲ್ಲ. ಜಗದ್ದಳ ಸೋಮನಾಥ, ಮಂಗರಾಜ, ದನಗಳ ರೋಗಕ್ಕೆ ‘ಗೋವೈದ್ಯ’ ಬರೆದ ಕೀರ್ತಿವರ್ಮ, ಇವರು ಜನರ ಭಾಷೆಯಲ್ಲಿ ಬರೆದು ಗುಟ್ಟನ್ನು ಒಡೆದವರು. ಮಂಗರಾಜನ ಗ್ರಂಥ ತಾಳೆಯೋಲೆಯಿಂದ ಅಚ್ಚಿಗೆ ಏರಿ ಉಳಿಯಿತು. ನಂಜನಗೂಡಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ತೆರೆದು, ಔಷಧವನ್ನು ಶೀಷೆಯಲ್ಲಿ ತುಂಬಿ ಚೀಟಿ ಅಂಟಿಸಿ ಮಾರಿದರು. ಅವರ ಹಲ್ಲುಪುಡಿಯಿಂದ ಬೆಳಗಾಗುತ್ತಿದ್ದ ಮನೆಗಳೆಷ್ಟೋ. ಚೀಟಿ ಅಂಟಿದ ಮದ್ದು ಗುಟ್ಟಿನಿಂದ ಹೊರಬಂತು, ಸರಿ. ಆದರೆ ಶೀಷೆ ಪ್ರಶ್ನೆ ಕೇಳುವುದಿಲ್ಲವಲ್ಲ! ಆಡುಸೋಗೆಯ ಕತೆಯೂ ಹಾಗೆಯೇ. ಅದರ ಸತ್ವದ ಜಾಡು ಹಿಡಿದು ಯೂರೋಪಿನವರು ತಯಾರಿಸಿದ ಬ್ರೋಮ್‌ಹೆಕ್ಸಿನ್ 1960ರ ದಶಕದಿಂದ ಕೆಮ್ಮಿನ ಔಷಧವಾಗಿ ನಮ್ಮ ಅಂಗಡಿಗಳಿಗೇ ಬಂದಿದೆ. ಕೆಮ್ಮು ಮಲಗಿದಾಗಲೋ ಎದ್ದಾಗಲೋ, ಕಫ ಗಟ್ಟಿಯೋ ನೀರೋ ಎಂದು ಅಂಗಡಿಯವರು ಕೇಳುವುದಿಲ್ಲ.

ಬಿಳಿಗಿರಿಯಲ್ಲಿ ಮಾತ್ರ ಒಂದು ಬೇರೆ ಬಗೆಯ ಪ್ರಯತ್ನ ನಡೆಯಿತು. ಡಾಕ್ಟರ್ ಎಚ್. ಸುದರ್ಶನ್ ಅಲ್ಲಿ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಸೋಲಿಗ ಹೆಂಗಸರು ಮಲಗದೆ ಕುಕ್ಕುರುಗಾಲಿನಲ್ಲಿ ಕುಳಿತು ಹೆರುವುದನ್ನು ಕಂಡು, ಅದು ತಾವು ಕಲಿತುಬಂದ ಕ್ರಮಕ್ಕಿಂತ ಸಹಜವೆಂದು ಒಪ್ಪಿಕೊಂಡವರು ಅವರು. ಅತ್ತ ಸೋಲಿಗರಲ್ಲಿ ಮೈಕೈ ಕೀಲುಗಳ ನೋವು, ರಕ್ತ ಸೊರಗುವುದು ಕೆಲವು ಮನೆತನಗಳಲ್ಲಿ ಪದೇ ಪದೇ ಬರುತ್ತಿದ್ದುದಕ್ಕೆ, ರಕ್ತಕಣ ಕುಡುಗೋಲಿನಂತೆ ಬಾಗುವ ಹುಟ್ಟುಕಾಯಿಲೆ ಕಾರಣವೆಂದು ರಕ್ತಪರೀಕ್ಷೆಯಿಂದ ತಿಳಿಯಿತು. ಕಣ್ಣಿಗೂ ಪ್ರಶ್ನೆಗೂ ಸಿಗದ ರೋಗ ಅದು. ಎರಡು ವೈದ್ಯಗಳೂ ಒಂದೇ ಅಂಗಳದಲ್ಲಿ ಕುಳಿತರೆ ಯಾವುದು ಯಾರಿಗೆ ಕಾಣುತ್ತದೆಂದು ಗೊತ್ತಾಗುತ್ತದೆ. 2006ರಲ್ಲಿ ಅಭಯಾರಣ್ಯದಲ್ಲಿ ಕಿರು ಅರಣ್ಯೋತ್ಪನ್ನ ಸಂಗ್ರಹವನ್ನು ನಿಷೇಧಿಸಿದಾಗ ನೆಲ್ಲಿ, ಜೇನು, ಮಾಗಳಿಬೇರುಗಳ ಜೀವನೋಪಾಯ ನಿಂತಿತು. 2011ರಲ್ಲಿ ಅರಣ್ಯಹಕ್ಕು ಕಾಯಿದೆಯಂತೆ ಸೋಲಿಗರ ಸಮುದಾಯದ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಆ ನಡುವಣ ವರ್ಷಗಳಲ್ಲಿ ಕಾಡಿಗೆ ಹೋಗದ ಹುಡುಗರು ಗಿಡದ ಹೆಸರನ್ನೂ ಕಲಿಯಲಿಲ್ಲ.

2016ರಲ್ಲಿ ಚಾಮರಾಜನಗರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಮೇಲೆ ಜಗುಲಿಯ ವೈದ್ಯರ ಬಳಿ ಜನ ಕಡಮೆಯಾಗಿದ್ದಾರೆ, ಆಗಬೇಕಾದ್ದೇ. ತೆರಕಣಾಂಬಿಯ ಕಡೆಯ ಆ ವೃದ್ಧರ ಮಗನಿಗೆ ಮೊಬೈಲ್ ಫೋನಿನ ಅಂಗಡಿ ಇದೆ. ತಂದೆಯ ಹಳೆಯ ನೋಟುಬುಕ್ಕನ್ನು ಅವನೇ ನನಗೆ ತಂದುಕೊಟ್ಟನು. ಹಾಳೆ ಹಾಳೆಗೂ ಗಿಡದ ಹೆಸರು, ತೂಕ, ಪಥ್ಯ. ಕೇಳಬೇಕಾದ್ದೇನೆಂದು ಒಂದು ಸಾಲೂ ಇಲ್ಲ. ಅದನ್ನೇಕೆ ಬರೆಯಲಿಲ್ಲವೆಂದರೆ ವೃದ್ಧರು ನಕ್ಕರು. “ಅದ್ನೇನ್ ಬರ‍್ಯದು ಮೇಷ್ಟ್ರೇ? ಎದ್ರುಗಡೆ ಕೂತಿರಂವುನ್ನ ಕೇಳದು ತಾನೆ?” ಎಂದರು. ಈಗ ಅವರು ರೋಗಿಯನ್ನು ಮಾತನಾಡಿಸುವಾಗ ನಾನು ಪಕ್ಕದಲ್ಲಿ ಕುಳಿತು ಪ್ರಶ್ನೆಗಳನ್ನು ಗುರುತುಹಾಕಿಕೊಳ್ಳುತ್ತಿದ್ದೇನೆ. ಕಾಮಾಲೆಯವು 19 ಆಗಿವೆ. ಎಳೆಮಕ್ಕಳ ಜ್ವರದ್ದು ಇನ್ನೂ ಆರೇ; ಅದಕ್ಕೆ ಮಳೆಗಾಲ ಬರಲಿ ಎಂದಿದ್ದಾರೆ.